ಹುಚ್ಚಿಗೂ ಬಿಪಿಗೂ ಒಂದೇ ಬೇರು

1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಎಂಬ ಇಬ್ಬರು ವೈದ್ಯರು ‘ಇಂಡಿಯನ್ ಮೆಡಿಕಲ್ ವರ್ಲ್ಡ್’ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಸರ್ಪಗಂಧದ ಬೇರು ಹುಚ್ಚಿಗೂ ಮದ್ದು, ಏರಿದ ರಕ್ತದೊತ್ತಡಕ್ಕೂ ಮದ್ದು ಎಂಬುದು ಅದರ ಸಾರ. ಎರಡೂ ಕಾಯಿಲೆಯ ಹೆಸರು ಶೀರ್ಷಿಕೆಯಲ್ಲೇ ಅಕ್ಕಪಕ್ಕ ಇದ್ದವು. ಅಂದಿನ ಡಾಕ್ಟರುಗಳ ಪಾಠದಲ್ಲಿ ಹುಚ್ಚು ತಲೆಗೆ ಸೇರಿದ್ದು, ರಕ್ತದೊತ್ತಡ ಹೃದಯ, ರಕ್ತನಾಳ, ಮೂತ್ರಪಿಂಡಗಳಿಗೆ ಸೇರಿದ್ದು. ಎರಡಕ್ಕೂ ಒಂದೇ ಬೇರು ಕೊಡುತ್ತೇವೆ ಎಂದರೆ ಸಂತೆ ವೈದ್ಯರ ಮಾತೆಂದು ತಳ್ಳಿಹಾಕುವುದು ಸುಲಭವಿತ್ತು. ಬಿಹಾರದ ಕಡೆ ಹುಚ್ಚರ ಮದ್ದೆಂದೇ ಮಾರಾಟವಾಗುತ್ತಿದ್ದ ಬೇರು ಅದು. ಆದರೆ ಆ ಶೀರ್ಷಿಕೆಯಲ್ಲಿದ್ದದ್ದು ನಿಜ. ರಕ್ತದೊತ್ತಡದ ಕಡಿವಾಣ ತಲೆಯಲ್ಲೂ ಇದೆ, ಅಲ್ಲಿಂದ ಹೊರಟ ನರಗಳು ರಕ್ತನಾಳಗಳನ್ನೂ ಮೂತ್ರಪಿಂಡಗಳನ್ನೂ ಹಿಡಿದು ನಡೆಸುತ್ತವೆ ಎಂಬ ತಿಳಿವಳಿಕೆಗೆ ಪ್ರಪಂಚ ಬಂದ ದಾರಿಯಲ್ಲಿ ಈ ಬೇರಿನ ಪಾಲು ದೊಡ್ಡದು. ಅದು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳಬೇಕಾದಷ್ಟು ಹೇಳಿಕೊಳ್ಳದ ಕಥೆ.

ನಮ್ಮ ಶೆಟ್ಟಿಕೆರೆ ಸೀಮೆಯಲ್ಲಿ ಸರ್ಪಗಂಧ ಬೆಳೆಯುವುದಿಲ್ಲ. ಇದು ತೆಂಗಿನ ನಾಡು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳ ಬದುಕು ಉಂಡೆ ಕೊಬ್ಬರಿಯ ಧಾರಣೆಯ ಮೇಲೆ ನಿಂತಿದೆ. ಸರ್ಪಗಂಧಕ್ಕೆ ಬೇಕಾದ್ದು ಮಲೆನಾಡಿನ ತಂಪು, ಕಾಡಿನ ನೆರಳು. ಮೊಣಕಾಲೆತ್ತರದ ಗಿಡ, ಒಂದೊಂದು ಗೆಣ್ಣಿಗೆ ಮೂರು ಮೂರು ಎಲೆ, ಕೆಂಪು ತೊಟ್ಟಿನ ಬಿಳಿ ಹೂಗೊಂಚಲು, ಮಾಗಿದರೆ ಕಪ್ಪಾಗುವ ಪುಟ್ಟ ಹಣ್ಣು. ನೆಲದೊಳಗೆ ತಿರುಚಿಕೊಂಡು ಇಳಿದ ಬೇರು ವಿಪರೀತ ಕಹಿ. ಸೂತ್ರನಾಭಿ ಎಂದೂ ಅದಕ್ಕೆ ಹೆಸರುಂಟು. ಬಯಲುಸೀಮೆಯವರಿಗೆ ಅದು ಸಿಕ್ಕರೆ ಗ್ರಂಧಿಗೆ ಅಂಗಡಿಯಲ್ಲಿ ಒಣಗಿದ ತುಂಡಾಗಿ ಸಿಗಬೇಕು.

ಆದರೂ ಶೆಟ್ಟಿಕೆರೆಯಿಂದ ಈ ಕಥೆ ಹೇಳಲು ಕಾರಣವಿದೆ. ಬಿಪಿ ಮಾತ್ರೆ ನುಂಗುವವರಿಲ್ಲದ ಬೀದಿ ಈಗ ಈ ಹೋಬಳಿಯಲ್ಲಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದರೆ ಮೊದಲು ಕೇಳುವ ಮಾತು, “ಅಜ್ಜಿ, ಬಿಪಿ ಮಾತ್ರೆ ತಗೊಂಡ್ರಾ?” ಎಂದೇ. ಅಜ್ಜಿ ಮರಳಿ ಕೇಳುವುದೂ ಹೊಸದಲ್ಲ: “ತಲೆ ಸುತ್ತಿದ್ದಕ್ಕೆ ತೋರಿಸ್ಕೊಂಡ್ರೆ ಬಿಪಿ ಅಂದ್ರು. ಬಿಪಿಗೆ ಅಂತ ಹೋದ್ರೆ ಕಿಡ್ನಿ ಪರೀಕ್ಷೆ ಬರೆದ್ರು. ಇದು ಯಾವುದರ ಕಾಯ್ಲೆನವ್ವಾ?” ತುಂಬ ಒಳ್ಳೆಯ ಪ್ರಶ್ನೆ. ದೊಡ್ಡ ದೊಡ್ಡ ವಿಜ್ಞಾನಿಗಳು ನೂರೈವತ್ತು ವರ್ಷ ಜಗಳವಾಡಿದ್ದು ಇದೇ ಪ್ರಶ್ನೆಯ ಮೇಲೆ.

ರಕ್ತಕ್ಕೆ ಒತ್ತಡವಿದೆ ಎಂಬುದನ್ನು ಅಳೆದು ತೋರಿಸಿದವರು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯೊಂದರ ತೊಡೆಯ ರಕ್ತನಾಳಕ್ಕೆ ಉದ್ದನೆಯ ಗಾಜಿನ ಕೊಳವೆ ಜೋಡಿಸಿದಾಗ ರಕ್ತ ಎಂಟು ಅಡಿಗೂ ಮೇಲೆ ಏರಿ ನಿಂತಿತು. ಅದನ್ನು ಅವರು 1733ರ ಪುಸ್ತಕದಲ್ಲಿ ಬರೆದರು. ಆ ಒತ್ತಡವನ್ನು ಏರಿಳಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಸಿಗಲು ಇನ್ನೂ ಒಂದು ಶತಮಾನ ಬೇಕಾಯಿತು. 1850ರ ದಶಕದಲ್ಲಿ ಪ್ಯಾರಿಸ್ಸಿನ ಕ್ಲೋದ್ ಬರ್ನಾರ್ ಮೊಲದ ಕುತ್ತಿಗೆಯ ಒಂದು ನರ ಕತ್ತರಿಸಿದರೆ ಆ ಕಡೆಯ ಕಿವಿ ಕೆಂಪಾಗಿ ಬಿಸಿಯೇರುವುದನ್ನು ಕಂಡರು. ನರ ರಕ್ತನಾಳವನ್ನು ಸದಾ ಬಿಗಿಹಿಡಿದಿತ್ತು, ಕತ್ತರಿಸಿದಾಗ ಅದು ಸಡಿಲವಾಯಿತು. 1859ರಲ್ಲಿ ಅದೇ ಬರ್ನಾರ್ ಮೂತ್ರಪಿಂಡದ ಕಡೆ ಹೋಗುವ ನರವನ್ನು ಕತ್ತರಿಸಿದಾಗ ಆ ಬದಿಯ ಮೂತ್ರ ಹೆಚ್ಚಿತು. ಈ ಎರಡನೆಯ ಪ್ರಯೋಗವನ್ನು ನೆನಪಿನಲ್ಲಿಡಬೇಕು. ಅದು ತಕ್ಷಣಕ್ಕೆ ಮೂಲೆಗೆ ಬಿತ್ತು, ಆದರೆ ನಮ್ಮ ಕಾಲದಲ್ಲಿ ಆಸ್ಪತ್ರೆಯ ಚಿಕಿತ್ಸೆಯಾಗಿ ಎದ್ದು ಬಂತು.

1870ರ ಆಸುಪಾಸಿನಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ಲುಡ್ವಿಗ್ ಮತ್ತು ಅವರ ಶಿಷ್ಯರು ಪ್ರಾಣಿಗಳ ಮೆದುಳನ್ನು ಮೇಲಿನಿಂದ ಕೆಳಕ್ಕೆ ಹಂತಹಂತವಾಗಿ ಬೇರ್ಪಡಿಸುತ್ತ ಹೋದರು. ಮೇಲಿನ ಭಾಗಗಳೆಲ್ಲ ಹೋದರೂ ರಕ್ತದೊತ್ತಡ ಹಾಗೇ ಇತ್ತು. ಮೆದುಳು ಬೆನ್ನುಹುರಿಗೆ ಸೇರುವ ಬುಡದ ತುಂಡು, ಅಂದರೆ ಮೆಡುಲ್ಲಾ ಬೇರ್ಪಟ್ಟಿತೋ, ಒತ್ತಡ ದಡಕ್ಕನೆ ಕುಸಿಯಿತು. ಹೆಬ್ಬೆರಳಿನಷ್ಟೂ ಇಲ್ಲದ ಆ ಜಾಗದಿಂದ ಹೊರಡುವ ಆಜ್ಞೆಗಳು ಹಗಲಿರುಳೂ ದೇಹದ ರಕ್ತನಾಳಗಳನ್ನು ಬಿಗಿಯಾಗಿ ಇಟ್ಟಿರುತ್ತವೆ.

ಇದು ಹೇಗೆ ಕೆಲಸ ಮಾಡುತ್ತದೆಂದು ನೋಡಬೇಕಾದರೆ ಕೊಬ್ಬರಿ ಒಡೆಯುವ ಮನೆಯ ಅಂಗಳ ಸಾಕು. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಿದ ಕಾಯಿ ಕೆಳಗಿಳಿದಿವೆ. ಮಟ್ಟೆ ಸುಲಿದ ಕಾಯಿಯ ಚಿಪ್ಪು ಒಡೆದು, ಒಳಗಿನ ಉಂಡೆ ಬಿರುಕು ಬಿಡದಂತೆ ಬಿಡಿಸಿ, ಗುಡ್ಡೆ ಹಾಕುತ್ತ ವಯಸ್ಸಾದ ಒಬ್ಬರು ಬೆಳಗಿನಿಂದ ಕೂತಿದ್ದಾರೆ. ಯಾರೋ ಕರೆದರೆಂದು ಸಟ್ಟನೆ ಎದ್ದು ನಿಲ್ಲುತ್ತಾರೆ. ಎದ್ದ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲಿಗೆ, ಹೊಟ್ಟೆಯ ಕೆಳಭಾಗಕ್ಕೆ ಜಾರುತ್ತದೆ. ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ಒತ್ತಡ ಇಳಿಯುತ್ತದೆ. ದವಡೆಯ ಮೂಲೆಯ ಕೆಳಗೆ, ಕುತ್ತಿಗೆಯಲ್ಲಿ ನಾಡಿ ಸಿಗುವ ಕಡೆ, ರಕ್ತನಾಳದ ಗೋಡೆಯಲ್ಲೇ ಹುದುಗಿದ ನರದ ತುದಿಗಳು ಗೋಡೆ ಹಿಗ್ಗುವುದು ಕಡಿಮೆಯಾದದ್ದನ್ನು ತಿಳಿದು ಮೆಡುಲ್ಲಾಕ್ಕೆ ಕಳಿಸುತ್ತಿದ್ದ ಸಂದೇಶವನ್ನು ತಗ್ಗಿಸುತ್ತವೆ. ಮೆಡುಲ್ಲಾ ತಡಮಾಡುವುದಿಲ್ಲ. ಒಂದೆರಡು ಬಡಿತದೊಳಗೆ ಹೃದಯದ ವೇಗ ಏರುತ್ತದೆ, ಇನ್ನು ಕೆಲವು ಕ್ಷಣಗಳಲ್ಲಿ ರಕ್ತನಾಳಗಳು ಬಿಗಿಯಾಗಿ ರಕ್ತ ಮೇಲಕ್ಕೆ ಒತ್ತಿಬರುತ್ತದೆ. ಎಲ್ಲ ಸರಿಯಿದ್ದರೆ ಎದ್ದವರಿಗೆ ಏನೂ ಗೊತ್ತಾಗುವುದಿಲ್ಲ. ವಯಸ್ಸಾಗಿದ್ದರೆ, ಬೆಳಗಿನಿಂದ ನೀರು ಕುಡಿದಿಲ್ಲವಾದರೆ, ಅಥವಾ ಈ ನರಗಳ ಕೆಲಸಕ್ಕೆ ಅಡ್ಡಬರುವ ಮಾತ್ರೆ ನುಂಗಿದ್ದರೆ ಕಣ್ಣು ಕತ್ತಲೆ ಬರುತ್ತದೆ, ಕಂಬ ಹಿಡಿದುಕೊಳ್ಳಬೇಕಾಗುತ್ತದೆ. ಕುತ್ತಿಗೆಯ ಈ ಏರ್ಪಾಡನ್ನು 1920ರ ದಶಕದಲ್ಲಿ ಹೆರಿಂಗ್ ಎಂಬ ವಿಜ್ಞಾನಿ ಬಿಡಿಸಿ ತೋರಿಸಿದರು. ರಕ್ತನಾಳದಲ್ಲಿರುವ ಇಂಥ ಗ್ರಾಹಕಗಳು ಉಸಿರಾಟವನ್ನು ನಿಯಂತ್ರಿಸುವ ಬಗೆಯನ್ನು ತೋರಿಸಿದ್ದಕ್ಕಾಗಿ ಬೆಲ್ಜಿಯಂನ ಕಾರ್ನೀಲ್ ಹೇಮನ್ಸ್ 1938ರ ನೊಬೆಲ್ ಪಡೆದರು.

ಇಷ್ಟು ಕ್ಷಣಗಳ ಲೆಕ್ಕವಾಯಿತು. ದಿನಗಳ, ವರ್ಷಗಳ ಲೆಕ್ಕಕ್ಕೆ ಮೂತ್ರಪಿಂಡ ಬೇಕು. ದೇಹದಲ್ಲಿ ಎಷ್ಟು ಉಪ್ಪು, ಎಷ್ಟು ನೀರು ಉಳಿಯಬೇಕೆಂದು ಕಟ್ಟಕಡೆಗೆ ತೀರ್ಮಾನವಾಗುವುದು ಅಲ್ಲಿ. ಆದರೆ ಆ ತೀರ್ಮಾನವನ್ನು ಅದು ಒಂಟಿಯಾಗಿ ಮಾಡುವುದಿಲ್ಲ. ಮೆದುಳಿನಿಂದ ಬಂದ ಸಿಂಪಥೆಟಿಕ್ ನರಗಳು ಅದರ ಮೇಲೆ ಮೂರು ರೀತಿ ಕೆಲಸ ಮಾಡುತ್ತವೆ. ಒಳಗಿನ ರಕ್ತನಾಳಗಳನ್ನು ಬಿಗಿಯುತ್ತವೆ, ಮೂತ್ರದಲ್ಲಿ ಹೋಗಬೇಕಿದ್ದ ಉಪ್ಪನ್ನು ಹಿಂದಕ್ಕೆ ಹೀರಿಸುತ್ತವೆ, ರೆನಿನ್ ಎಂಬ ರಸವನ್ನು ರಕ್ತಕ್ಕೆ ಬಿಡಿಸುತ್ತವೆ. ರೆನಿನ್‌ ಇರುವುದನ್ನು ಸ್ವೀಡನ್ನಿನಲ್ಲಿ ಟೀಗರ್‌ಸ್ಟೆಡ್ ಮತ್ತು ಬರ್ಗ್‌ಮನ್ 1898ರಲ್ಲೇ ಮೊಲದ ಕಿಡ್ನಿಯ ರಸದಲ್ಲಿ ಕಂಡಿದ್ದರು. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಯ ಕಿಡ್ನಿಗೆ ಹೋಗುವ ರಕ್ತನಾಳವನ್ನು ಚಿಮಟದಿಂದ ಅಮುಕಿ ಒತ್ತಡ ಏರಿಸಿ ತೋರಿಸಿದ ಮೇಲೆ ಅದಕ್ಕೆ ಬೆಲೆ ಬಂತು. ನರವಲ್ಲದೆ ರಕ್ತದ ಮೂಲಕವೂ ಮೆದುಳು ಕಿಡ್ನಿಗೆ ಮಾತು ಕಳಿಸುತ್ತದೆ. ಕೇಂಬ್ರಿಜ್‌ನ ವರ್ನಿ 1947ರಲ್ಲಿ ತೋರಿಸಿದ್ದು ಅದನ್ನೇ: ರಕ್ತ ಒಂದಿಷ್ಟು ಉಪ್ಪಾದರೂ ಮೆದುಳಿನಲ್ಲಿರುವ ಜೀವಕೋಶಗಳಿಗೆ ತಿಳಿಯುತ್ತದೆ, ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯಿಂದ ವಾಸೊಪ್ರೆಸಿನ್ ಎಂಬ ರಸ ಹೊರಟು ಕಿಡ್ನಿಗೆ ನೀರು ಹಿಡಿದಿಡಲು ಹೇಳುತ್ತದೆ. ಬೇಸಿಗೆಯಲ್ಲಿ ತೋಟದ ಪಾತಿ ಮಾಡಿ ಬಂದವರ ಮೂತ್ರ ಹಳದಿಯಾಗಿ ಕಡಿಮೆಯಾಗುವುದು ಇದರಿಂದಲೇ.

ಇಷ್ಟೆಲ್ಲ ತಿಳಿದಿದ್ದರೂ 1940ರ ದಶಕದಲ್ಲೂ ಬಿಪಿ ಏರಿದವರ ಪಾಡು ಶೋಚನೀಯವಾಗಿತ್ತು. ಕಿರಿದಾದ ನಾಳದಲ್ಲಿ ರಕ್ತ ನುಗ್ಗಬೇಕಾದರೆ ಒತ್ತಡ ಹೆಚ್ಚಿರಲೇಬೇಕು, ಇಳಿಸಿದರೆ ಅಪಾಯ ಎಂದೇ ಅನೇಕ ದೊಡ್ಡ ಡಾಕ್ಟರುಗಳು ನಂಬಿದ್ದರು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 1945ರ ಏಪ್ರಿಲ್ 12ರಂದು ಮೆದುಳಿನ ರಕ್ತಸ್ರಾವದಿಂದ ಕುಸಿದಾಗ ಅವರ ಒತ್ತಡ 300/190 ದಾಟಿತ್ತು. ಪ್ರಪಂಚದ ಅತ್ಯಂತ ಬಲಶಾಲಿ ಮನುಷ್ಯನಿಗೂ ಕೊಡಲು ಕೈಯಲ್ಲಿ ಮದ್ದಿರಲಿಲ್ಲ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್‌ನರ್ ಎಂಬುವರು ಉಪ್ಪಿಲ್ಲದ ಅನ್ನ, ಹಣ್ಣು, ಸಕ್ಕರೆ ಮಾತ್ರ ತಿನ್ನಿಸಿ ಕೆಲವರ ಒತ್ತಡ ಇಳಿಸಿದ್ದರು. ತಿಂಗಳುಗಟ್ಟಲೆ ಅದನ್ನೇ ತಿನ್ನುವುದು ಎಲ್ಲರಿಗೂ ಆಗುವ ಮಾತಲ್ಲ.

ಇನ್ನೊಂದು ದಾರಿ ಕತ್ತಿಯದು. ಬಾಸ್ಟನ್ನಿನ ಸರ್ಜನ್ ರೆಜಿನಾಲ್ಡ್ ಸ್ಮಿತ್‌ವಿಕ್ ಬೆನ್ನಿನ ಎರಡೂ ಬದಿ ತೆರೆದು, ಹೊಟ್ಟೆಯ ರಕ್ತನಾಳಗಳಿಗೂ ಮೂತ್ರಪಿಂಡಗಳಿಗೂ ಹೋಗುವ ಸಿಂಪಥೆಟಿಕ್ ನರಗಳನ್ನು ಉದ್ದಕ್ಕೂ ಕಿತ್ತುಹಾಕುತ್ತಿದ್ದರು. ಬರ್ನಾರ್ ಪ್ರಾಣಿಗೆ ಮಾಡಿದ್ದನ್ನು ಇವರು ಮನುಷ್ಯರಿಗೆ ಮಾಡಿದರು ಎನ್ನಬಹುದು. 1953ರಲ್ಲಿ ತಾವು ಆಪರೇಷನ್ ಮಾಡಿದ 1,266 ಜನರ ಲೆಕ್ಕ ಕೊಟ್ಟರು. ಮಾಡಿಸಿಕೊಳ್ಳದವರಿಗಿಂತ ಮಾಡಿಸಿಕೊಂಡವರು ಹೆಚ್ಚು ವರ್ಷ ಬದುಕಿದ್ದರು. ಆದರೆ ಅದರ ಬೆಲೆ ದೊಡ್ಡದಾಗಿತ್ತು. ಎದ್ದು ನಿಂತರೆ ರಕ್ತವನ್ನು ಮೇಲೆತ್ತುವ ನರಗಳೇ ಇಲ್ಲ. ಎಷ್ಟೋ ಜನ ಕಾಲಿಗೆ, ಹೊಟ್ಟೆಗೆ ಪಟ್ಟಿ ಬಿಗಿದುಕೊಂಡು ಗೋಡೆ ಹಿಡಿದು ನಡೆಯಬೇಕಾಯಿತು. ನರಗಳ ಅಬ್ಬರ ತಗ್ಗಿಸಿದರೆ ಬಿಪಿಯವರು ಉಳಿಯುತ್ತಾರೆ ಎಂಬುದಂತೂ ಖಚಿತವಾಯಿತು. ಕತ್ತಿಯಿಲ್ಲದೆ ತಗ್ಗಿಸುವುದು ಹೇಗೆ?

ಉತ್ತರ ನಮ್ಮ ದೇಶದಲ್ಲಿ ತಯಾರಾಗುತ್ತಿತ್ತು. ದೆಹಲಿಯಲ್ಲಿ ಹಕೀಂ ಅಜ್ಮಲ್ ಖಾನ್ ಕಟ್ಟಿದ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಹುಸೇನ್ ಸಿದ್ದಿಕಿ 1931ರಲ್ಲೇ ಸರ್ಪಗಂಧದಿಂದ ಐದು ರಾಸಾಯನಿಕಗಳನ್ನು ಹರಳಾಗಿ ಬೇರ್ಪಡಿಸಿದ್ದರು. ತೀರಿಹೋಗಿದ್ದ ಹಕೀಮರ ನೆನಪಿಗೆ ಒಂದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. ಕಲ್ಕತ್ತೆಯ ಟ್ರಾಪಿಕಲ್ ಮೆಡಿಸಿನ್ ಶಾಲೆಯಲ್ಲಿ ರಾಮನಾಥ ಚೋಪ್ರಾ ತಂಡ ಪ್ರಾಣಿಗಳ ಮೇಲೆ ಬೇರಿನ ಪರಿಣಾಮ ಪರೀಕ್ಷಿಸಿತು. ಡೆಹರಾಡೂನಿನಲ್ಲಿ ಮೊಹಮ್ಮದ್ ಮನಾಲ್ 1930ರಲ್ಲಿ ಹಿಮಾಲಯ ಡ್ರಗ್ ಕಂಪನಿ ಶುರುಮಾಡಿದರು. ಬರ್ಮಾದ ಕಾಡಿನಲ್ಲಿ ಕೆರಳಿದ ಆನೆಗಳಿಗೆ ಈ ಬೇರು ತಿನ್ನಿಸಿ ಶಾಂತಗೊಳಿಸುವುದನ್ನು ಕಂಡರು, ತಾಯಿಯ ಒಡವೆ ಅಡವಿಟ್ಟು ಕೈಯಿಂದ ತಿರುಗಿಸುವ ಮಾತ್ರೆ ಯಂತ್ರ ಕೊಂಡರು ಎಂಬುದು ಆ ಕಂಪನಿ ಹೇಳಿಕೊಂಡು ಬಂದ ಕಥೆ. 1934ರಲ್ಲಿ ಆ ಬೇರಿನ ಮಾತ್ರೆ ‘ಸರ್ಪಿನಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಈ ಕಂಪನಿ 1975ರಲ್ಲಿ ಬೆಂಗಳೂರಿನ ಹೊರಗೆ, ತುಮಕೂರು ರಸ್ತೆಯ ಮಾಕಳಿಯಲ್ಲಿ ಕಾರ್ಖಾನೆ ಕಟ್ಟಿತು. ತಿಪಟೂರಿನಿಂದ ಗುಬ್ಬಿ, ತುಮಕೂರು, ನೆಲಮಂಗಲ ದಾಟಿ ಬೆಂಗಳೂರಿಗೆ ಹೋಗುವ ಬಸ್ಸುಗಳು ಅದರ ಮುಂದೆಯೇ ಹಾದುಹೋಗುತ್ತವೆ. ಜಯದೇವ ಆಸ್ಪತ್ರೆಗೆ ಹೃದಯ ತೋರಿಸಲು ಹೊರಟ ಎಷ್ಟೋ ಜನ ಬಿಪಿಯ ಮೊದಮೊದಲ ಮಾತ್ರೆಗಳಲ್ಲೊಂದನ್ನು ಮಾಡಿದ ಕಂಪನಿಯ ಗೇಟನ್ನು ಕಿಟಕಿಯಿಂದ ನೋಡಿಕೊಂಡೇ ಹೋಗಿರುತ್ತಾರೆ.

ಪ್ರಪಂಚದ ಕಣ್ಣು ತೆರೆಸಿದವರು ಬೊಂಬಾಯಿಯ ರುಸ್ತುಂ ಜಾಲ್ ವಕೀಲ್. ಕೆಇಎಂ ಆಸ್ಪತ್ರೆಯ ಈ ಹೃದಯತಜ್ಞರು ಹತ್ತು ವರ್ಷ ಸರ್ಪಗಂಧ ಕೊಟ್ಟು ನೋಡಿ, ಅವಸರಪಡದೆ, 50 ರೋಗಿಗಳ ಲೆಕ್ಕವನ್ನು 1949ರ ‘ಬ್ರಿಟಿಷ್ ಹಾರ್ಟ್ ಜರ್ನಲ್’ನಲ್ಲಿ ಪ್ರಕಟಿಸಿದರು. ಬಹುತೇಕರ ಒತ್ತಡ ಇಳಿದಿತ್ತು. ಮದ್ದು ನಿಲ್ಲಿಸಿದ ಮೇಲೂ ಅದರ ಗುಣ ಕೆಲವು ವಾರ ಉಳಿಯುತ್ತಿತ್ತು. ಊರಿನ ಬೇರಿಗೆ ಊರಿನ ಹೊಗಳಿಕೆ ಸಾಲದು, ಅಳತೆ ಬೇಕು ಎಂಬುದು ವಕೀಲರಿಗೆ ಗೊತ್ತಿತ್ತು. ಸೇನ್ ಮತ್ತು ಬೋಸ್ ಅವರ ಲೇಖನ ಹೊರದೇಶದವರನ್ನು ತಟ್ಟದೆ ಹೋಗಿ, ವಕೀಲರದು ತಟ್ಟಿದ್ದಕ್ಕೆ ಅವರ ಈ ಶಿಸ್ತೇ ದೊಡ್ಡ ಕಾರಣ ಎಂದು ನನ್ನ ಎಣಿಕೆ. 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಅವರಿಗೆ ಬಂತು.

ಆ ಲೇಖನ ಓದಿದವರಲ್ಲಿ ಬಾಸ್ಟನ್ನಿನ ರಾಬರ್ಟ್ ವಿಲ್ಕಿನ್ಸ್ ಒಬ್ಬರು. ಇತಿಹಾಸ ಇಲ್ಲಿ ಚಂದದ ತಿರುವು ಪಡೆಯುತ್ತದೆ. ವಿಲ್ಕಿನ್ಸ್ ಕೆಲಸ ಮಾಡುತ್ತಿದ್ದ ಮ್ಯಾಸಚೂಸೆಟ್ಸ್ ಮೆಮೋರಿಯಲ್ ಆಸ್ಪತ್ರೆಯಲ್ಲೇ ಸ್ಮಿತ್‌ವಿಕ್ ಸರ್ಜರಿಯ ಮುಖ್ಯಸ್ಥರು. ಒಂದೇ ಆಸ್ಪತ್ರೆಯ ಒಂದು ಕಡೆ ನರಗಳನ್ನು ಕತ್ತಿಯಿಂದ ಕೀಳುತ್ತಿದ್ದರು, ಇನ್ನೊಂದು ಕಡೆ 1950ರಲ್ಲಿ ಭಾರತದಿಂದ ತರಿಸಿದ ಬೇರಿನ ಮಾತ್ರೆ ಕೊಡಲು ಶುರುವಾಯಿತು. ಒತ್ತಡ ನಿಧಾನವಾಗಿ ಇಳಿಯಿತು, ನಾಡಿಯ ವೇಗವೂ ಇಳಿಯಿತು. ಅದಕ್ಕಿಂತ ಹೆಚ್ಚಾಗಿ ವಿಲ್ಕಿನ್ಸ್ ಗಮನಿಸಿದ್ದು ರೋಗಿಗಳ ಮನಸ್ಸನ್ನು. ಮಂಪರಿಲ್ಲದೆಯೇ ಅವರ ಕಳವಳ ಕಡಿಮೆಯಾಗಿತ್ತು. ಕಲ್ಕತ್ತೆಯ ಶೀರ್ಷಿಕೆಯ ಎರಡೂ ಅರ್ಧ ಬಾಸ್ಟನ್ನಿನ ವಾರ್ಡಿನಲ್ಲಿ ಒಟ್ಟಿಗೆ ಕಂಡವು.

ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಮುಲ್ಲರ್, ಶ್ಲಿಟ್ಲರ್, ಬೈನ್ 1952ರಲ್ಲಿ ಬೇರಿನ ಮುಖ್ಯ ಸತ್ವವನ್ನು ಹಿಡಿದರು. ದೆಹಲಿಯ ಹರಳುಗಳಲ್ಲಿ ಅದು ಇರಲಿಲ್ಲ. ಉಳಿದ ಕಪ್ಪು ಅಂಟಿನಲ್ಲಿ ಅಡಗಿತ್ತು. ರಿಸರ್ಪಿನ್ ಎಂದು ಹೆಸರಾಯಿತು, ‘ಸರ್ಪಾಸಿಲ್’ ಎಂಬ ಮಾತ್ರೆಯಾಗಿ ಬಂತು. ಹಾರ್ವರ್ಡಿನ ವುಡ್‌ವರ್ಡ್ 1956ರಲ್ಲಿ ಅದನ್ನು ಬೇರಿಲ್ಲದೆ ಪ್ರಯೋಗಾಲಯದಲ್ಲೇ ಕಟ್ಟಿ ತೋರಿಸಿದರು. 1954ರಲ್ಲಿ ನ್ಯೂಯಾರ್ಕ್ ರಾಜ್ಯದ ರಾಕ್‌ಲ್ಯಾಂಡ್ ಮಾನಸಿಕ ಆಸ್ಪತ್ರೆಯಿಂದ ನೇಥನ್ ಕ್ಲೈನ್, ರಿಸರ್ಪಿನ್ ಕೊಟ್ಟ ರೋಗಿಗಳು ಶಾಂತರಾದರೆಂದು ವರದಿ ಮಾಡಿದರು. ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ತೆರೆದದ್ದೂ ಅದೇ 1954ರಲ್ಲಿ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಎರಡೂ 1974ರಲ್ಲಿ ಸೇರಿ ನಿಮ್ಹಾನ್ಸ್ ಆದವು. ಮನಸ್ಸಿನ ಕಾಯಿಲೆಗೆ ಮಾತ್ರೆ ಇರಬಹುದು ಎಂಬ ಭರವಸೆ ಮೂಡಿದ ಕಾಲ ಅದು.

ಈಗ ಅಸಲು ಪ್ರಶ್ನೆ: ಒಂದೇ ವಸ್ತು ತಲೆಯನ್ನೂ ರಕ್ತನಾಳವನ್ನೂ ಹೇಗೆ ಮುಟ್ಟುತ್ತದೆ? ಅಮೆರಿಕದ ಎನ್‌ಐಎಚ್‌ನಲ್ಲಿ ಬರ್ನಾರ್ಡ್ ಬ್ರೋಡಿ ತಂಡ 1955ರಲ್ಲಿ ರಿಸರ್ಪಿನ್ ಕೊಟ್ಟ ಪ್ರಾಣಿಯ ಮೆದುಳಿನಲ್ಲಿ ಸೆರೊಟೋನಿನ್ ಬರಿದಾಗುವುದನ್ನು ಕಂಡಿತು. ಮರುವರ್ಷ ಮಾರ್ಥ ಫೋಗ್ಟ್ ಮತ್ತು ಹೋಲ್ಸ್‌ಬಾವರ್ ಮೆದುಳಿನ ಹೈಪೋಥಲಮಸ್ ಭಾಗದಲ್ಲಿ ನಾರ್‌ಅಡ್ರಿನಲಿನ್ ಬರಿದಾಗುವುದನ್ನು ತೋರಿಸಿದರು. ನರದ ತುದಿಗಳಲ್ಲಿ ಸಂದೇಶದ ರಾಸಾಯನಿಕವನ್ನು ತುಂಬಿಟ್ಟುಕೊಳ್ಳುವ ಸಣ್ಣ ಸಣ್ಣ ಕಣಜಗಳಿರುತ್ತವೆ. ರಿಸರ್ಪಿನ್ ಮಾಡುವುದು ಇಷ್ಟೇ, ಆ ಕಣಜ ಮತ್ತೆ ತುಂಬದಂತೆ ಬಾಗಿಲು ಮುಚ್ಚುತ್ತದೆ. ಒಳಗಿದ್ದದ್ದು ಸೋರಿ ಕರಗುತ್ತದೆ. ಆಮೇಲೆ ಮೆಡುಲ್ಲಾ ಎಷ್ಟೇ ಗಟ್ಟಿಯಾಗಿ ಆಜ್ಞೆ ಕೊಟ್ಟರೂ ರಕ್ತನಾಳಕ್ಕೂ ಕಿಡ್ನಿಗೂ ಅದನ್ನು ತಲುಪಿಸುವ ನಾರ್‌ಅಡ್ರಿನಲಿನ್ ನರದ ತುದಿಯಲ್ಲಿ ಇರುವುದಿಲ್ಲ. ಒತ್ತಡ ಇಳಿಯುವುದು ಹೆಚ್ಚಾಗಿ ಈ ಹೊರಗಿನ ನರಗಳಿಂದ, ಮನಸ್ಸು ತಣಿಯುವುದು ಮೆದುಳೊಳಗಿನ ನರಗಳಿಂದ. ಜಾಗ ಬೇರೆ, ಆದರೆ ಎರಡೂ ಕಡೆಯ ನರಗಳು ಬಳಸುವ ರಾಸಾಯನಿಕದ ಭಾಷೆ ಒಂದೇ. ಹುಚ್ಚಿಗೂ ಬಿಪಿಗೂ ಒಂದೇ ಬೇರು ನಾಟಿದ್ದರ ಗುಟ್ಟು ಇದು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ 1957ರಲ್ಲಿ ರಿಸರ್ಪಿನ್‌ನಿಂದ ಮರಗಟ್ಟಿ ಕೂತ ಮೊಲಗಳಿಗೆ ಎಲ್-ಡೋಪಾ ಚುಚ್ಚಿ ಮತ್ತೆ ಓಡಾಡುವಂತೆ ಮಾಡಿದರು. ಪಾರ್ಕಿನ್ಸನ್ ಕಾಯಿಲೆಯ ಮದ್ದಿಗೆ ಅದೇ ದಾರಿಯಾಯಿತು. 2000ದಲ್ಲಿ ಅವರಿಗೆ ನೊಬೆಲ್ ಬಂತು.

ಬಿಪಿ ಇಳಿಸಿದರೆ ನಿಜವಾಗಿ ಜೀವ ಉಳಿಯುತ್ತದೆಯೇ ಎಂಬ ಸಂಶಯ ಮಾತ್ರ 1967ರವರೆಗೂ ತೀರಿರಲಿಲ್ಲ. ಎಡ್ವರ್ಡ್ ಫ್ರೀಸ್ ಮುಂದಾಳತ್ವದಲ್ಲಿ ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳು ಕೆಳಗಿನ ಒತ್ತಡ 115ರಿಂದ 129ರವರೆಗಿದ್ದ 143 ಗಂಡಸರನ್ನು ಎರಡು ಗುಂಪು ಮಾಡಿದವು. ಒಂದು ಗುಂಪಿಗೆ ಮದ್ದು, ಇನ್ನೊಂದಕ್ಕೆ ಮದ್ದಿನಂತೆ ಕಾಣುವ ಬರಿ ಮಾತ್ರೆ. ಒಂದೂವರೆ ವರ್ಷದ ಆಸುಪಾಸಿನಲ್ಲೇ ಬರಿ ಮಾತ್ರೆಯವರಲ್ಲಿ 27 ಜನ ಸಾವು, ಪಾರ್ಶ್ವವಾಯು, ಹೃದಯ ಮತ್ತು ಕಿಡ್ನಿಯ ಗಂಭೀರ ತೊಂದರೆಗಳಿಗೆ ಸಿಕ್ಕಿದರು. ಮದ್ದಿನವರಲ್ಲಿ ಇಬ್ಬರು. 27ಕ್ಕೆ 2. ವೈದ್ಯಶಾಸ್ತ್ರದಲ್ಲಿ ಇಷ್ಟು ನಿಚ್ಚಳ ಉತ್ತರ ಅಪರೂಪ. ಆ ಮದ್ದಿನಲ್ಲಿದ್ದದ್ದು ಮೂರು: ಕಿಡ್ನಿಯಿಂದ ಉಪ್ಪು ಹೊರಹಾಕಿಸುವ ಹೈಡ್ರೋಕ್ಲೋರೋಥಯಜೈಡ್, ರಕ್ತನಾಳ ಸಡಿಲಿಸುವ ಹೈಡ್ರಾಲಜೀನ್, ನರದ ಆಜ್ಞೆ ತಗ್ಗಿಸುವ ರಿಸರ್ಪಿನ್. ಇಂಥದೇ ಮೂವರ ಕೂಟ ಭಾರತದಲ್ಲಿ ‘ಅಡೆಲ್ಫೇನ್ ಎಸಿಡ್ರೆಕ್ಸ್’ ಎಂಬ ಹೆಸರಿನಲ್ಲಿ ಬಹುಕಾಲ ಮಾರಾಟವಾಯಿತು. ಅಗ್ಗದ ಮಾತ್ರೆ. ಬಿಪಿ ಎಂದರೆ ಅಡೆಲ್ಫೇನ್ ಎಂದೇ ತಿಳಿದಿದ್ದ ಹಿರಿಯರು ಈಗಲೂ ಇದ್ದಾರೆ. ಮೆದುಳಿನ ನರ, ರಕ್ತನಾಳ, ಮೂತ್ರಪಿಂಡ ಮೂರನ್ನೂ ಒಂದೇ ಗುಟುಕಿನಲ್ಲಿ ಮುಟ್ಟುವ ಆ ಮಾತ್ರೆ, “ಇದು ಯಾವುದರ ಕಾಯ್ಲೆ” ಎಂದ ಅಜ್ಜಿಗೆ ಸಿಕ್ಕಬಹುದಾದ ಅತ್ಯಂತ ಪ್ರಾಮಾಣಿಕ ಉತ್ತರವಾಗಿತ್ತು.

ರಿಸರ್ಪಿನ್‌ನ ಕೀರ್ತಿ ಇಳಿದದ್ದಕ್ಕೆ ಕಾರಣ ಅದೇ ಗುಟ್ಟು. ಹೆಚ್ಚು ಪ್ರಮಾಣ ನುಂಗಿದ ಕೆಲವರು ಖಿನ್ನತೆಗೆ ಬಿದ್ದರು. ತಲೆಯನ್ನು ಮುಟ್ಟುವ ಮದ್ದು ತಲೆಗೆ ಕೇಡನ್ನೂ ಮಾಡಬಲ್ಲದು. ಮೂಗು ಕಟ್ಟುವುದು, ಭೇದಿ ಇದ್ದೇ ಇದ್ದವು. 1974ರಲ್ಲಿ ಸ್ತನ ಕ್ಯಾನ್ಸರಿನ ಭಯವೂ ಸೇರಿತು. ಮುಂದಿನ ಅಧ್ಯಯನಗಳು ಅದನ್ನು ಎತ್ತಿಹಿಡಿಯಲಿಲ್ಲ, ಆದರೆ ಅಷ್ಟರಲ್ಲಿ ಹೆಸರು ಕೆಟ್ಟಿತ್ತು. ಆಮೇಲೆ ಸರ್ಪಗಂಧವನ್ನು ಬದಿಗೆ ಸರಿಸಿದ ಮದ್ದುಗಳಲ್ಲೊಂದು ಹಾವಿನ ವಿಷದಿಂದ ಹುಟ್ಟಿದ್ದು. ಬ್ರೆಜಿಲಿನ ಜರರಾಕಾ ಎಂಬ ಮಂಡಲದ ಹಾವಿನ ವಿಷದಲ್ಲಿ ಸೆರ್ಜಿಯೊ ಫೆರೇರಾ 1960ರ ದಶಕದಲ್ಲಿ ಕಂಡ ಅಂಶದ ಜಾಡು ಹಿಡಿದು, ರೆನಿನ್‌ನ ಸರಪಳಿಯನ್ನು ಮಧ್ಯದಲ್ಲೇ ತುಂಡರಿಸುವ ಕ್ಯಾಪ್ಟೊಪ್ರಿಲ್ ಬಂತು. ನಮ್ಮ ತೋಟಗಳ ಕೊಳಕುಮಂಡಲವೂ ಈ ಕಥೆಯ ಅಂಗಗಳನ್ನೇ ಹುಡುಕಿ ಹೊಡೆಯುತ್ತದೆ. ಅದರ ವಿಷ ಒತ್ತಡ ಕುಸಿಸುತ್ತದೆ, ಕಿಡ್ನಿ ನಿಲ್ಲಿಸುತ್ತದೆ, ಕೆಲವರಲ್ಲಿ ಮೆದುಳಿನ ತಳದ ಪಿಟ್ಯುಟರಿಯನ್ನೂ ಕೆಡಿಸುತ್ತದೆ. ಅದಕ್ಕೆ ಸರ್ಪಗಂಧ ಮದ್ದಲ್ಲ. ಹಾವು ಕಚ್ಚಿದವರಿಗೆ ಆಸ್ಪತ್ರೆಯ ವಿಷನಿರೋಧಕ ಚುಚ್ಚುಮದ್ದೊಂದೇ ದಾರಿ, ಬೇರು ತೇಯುತ್ತ ಕೂತರೆ ಕಿಡ್ನಿ ಹೋಗುತ್ತದೆ.

ಹೊಸ ಮದ್ದುಗಳು ಬಂದಮೇಲೆ ಕಿಡ್ನಿಯ ಪಕ್ಷ ಗೆದ್ದಂತೆ ಕಂಡಿತು. ಮಿಸಿಸಿಪಿಯ ಆರ್ಥರ್ ಗೈಟನ್, ಪೋಲಿಯೋದಿಂದ ಸರ್ಜನ್ ಆಗುವ ಆಸೆ ಕೈಬಿಟ್ಟು ಶರೀರಶಾಸ್ತ್ರಕ್ಕೆ ಬಂದವರು, ದೀರ್ಘಕಾಲದ ಒತ್ತಡದ ಯಜಮಾನ ಮೂತ್ರಪಿಂಡವೇ ಎಂದು ಲೆಕ್ಕ ಹಾಕಿ ವಾದಿಸಿದರು. ನರಗಳ ಪಾತ್ರ ಕ್ಷಣಗಳಿಗೆ ಮಾತ್ರ ಎಂಬುದು ಪಠ್ಯಪುಸ್ತಕದ ಮಾತಾಯಿತು. ಆದರೆ ರೆನಿನ್‌ನಿಂದ ಹುಟ್ಟುವ ಆಂಜಿಯೋಟೆನ್ಸಿನ್ ಮೆದುಳಿನ ಮೇಲೂ ಕೆಲಸ ಮಾಡಿ ಒತ್ತಡ ಏರಿಸುತ್ತದೆ ಎಂಬುದನ್ನು ಬಿಕರ್‌ಟನ್ ಮತ್ತು ಬಕ್ಲಿ 1961ರಲ್ಲೇ ತೋರಿಸಿದ್ದರು. ಆಂಜಿಯೋಟೆನ್ಸಿನ್ನನ್ನು ಇಲಿಯ ಮೆದುಳಿಗೆ ಹನಿ ಹಾಕಿದರೆ ಇಲಿ ಬಾಯಾರಿ ನೀರಿನ ಕಡೆ ಓಡುತ್ತದೆ. ಕಿಡ್ನಿಯಿಂದ ಮೆದುಳಿಗೆ ಸುದ್ದಿ ಒಯ್ಯುವ ನರಗಳೂ ಇವೆ. ಹಾಗಾಗಿ ಯಜಮಾನ ಯಾರೆಂಬ ಪ್ರಶ್ನೆಯೇ ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಕಾಯಿಲೆ ಬಿದ್ದ ಕಿಡ್ನಿ ಮೆದುಳನ್ನು ಕೆರಳಿಸುತ್ತದೆ, ಕೆರಳಿದ ಮೆದುಳು ಕಿಡ್ನಿಯನ್ನು ಇನ್ನಷ್ಟು ಬಿಗಿಯುತ್ತದೆ.

2009ರಲ್ಲಿ ಆಸ್ಟ್ರೇಲಿಯಾದ ಹೆನ್ರಿ ಕ್ರಮ್ ತಂಡ ಬರ್ನಾರ್ ಬಿಟ್ಟಲ್ಲಿಂದ ಎತ್ತಿಕೊಂಡಿತು. ತೊಡೆಯ ರಕ್ತನಾಳದಿಂದ ತೆಳ್ಳನೆಯ ತಂತಿ ಏರಿಸಿ, ಕಿಡ್ನಿಯ ರಕ್ತನಾಳದ ಸುತ್ತ ಹೆಣೆದುಕೊಂಡ ನರಗಳನ್ನಷ್ಟೇ ಕಾಯಿಸಿ ಸುಡುವ ಚಿಕಿತ್ಸೆ ಅದು. ಹಲವು ಮಾತ್ರೆಗಳಿಗೂ ಬಗ್ಗದವರ ಒತ್ತಡ ಇಳಿಯಿತೆಂದು ಎಲ್ಲರೂ ಹಿಗ್ಗಿದರು. 2014ರಲ್ಲಿ, ನರ ಸುಡದೆ ಬರೀ ಸುಟ್ಟಂತೆ ಮಾಡಿದ ಗುಂಪಿನೊಡನೆ ಹೋಲಿಸಿದಾಗ ಹೆಚ್ಚಿನ ವ್ಯತ್ಯಾಸ ಕಾಣದೆ ಉತ್ಸಾಹ ಇಳಿಯಿತು. ಉಪಕರಣ ತಿದ್ದಿ, ಪರೀಕ್ಷೆ ಬಿಗಿ ಮಾಡಿ ಮತ್ತೆ ನೋಡಿದರು. ಇಳಿಕೆ ಸಣ್ಣದಾದರೂ ನಿಜವೆಂದು ಕಂಡು 2023ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಒಪ್ಪಿಗೆ ಕೊಟ್ಟರು.

ಬೇರಿನ ಪಾಡು ಇದರಷ್ಟು ಸುಖದ್ದಲ್ಲ. 1950ರ ದಶಕದಲ್ಲಿ ಪ್ರಪಂಚಕ್ಕೆಲ್ಲ ಸರ್ಪಗಂಧ ಬೇಕಾದಾಗ ಕಾಡುಗಳಲ್ಲಿ ಗಿಡವನ್ನು ಬುಡಸಮೇತ ಅಗೆದರು. ಬೇರಿಗಾಗಿ ಕಿತ್ತ ಗಿಡ ಮತ್ತೆ ಚಿಗುರುವುದಿಲ್ಲ. 1990ರಿಂದ ಅದು ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿರುವ ಸೈಟಿಸ್ ಪಟ್ಟಿಯಲ್ಲಿದೆ. ಗ್ರಂಧಿಗೆ ಅಂಗಡಿಯಿಂದ ತುಂಡು ತಂದು ಅಂದಾಜಿನಲ್ಲಿ ತೇಯ್ದು ಕುಡಿಯುವುದು ಅಪಾಯ. ಒಂದು ಬೇರಿನಲ್ಲಿರುವಷ್ಟು ಸತ್ವ ಇನ್ನೊಂದರಲ್ಲಿರುವುದಿಲ್ಲ, ಖಿನ್ನತೆಯೂ ಬರಬಹುದು.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈಗ ಬಿಪಿಗೆ ಸಾಮಾನ್ಯವಾಗಿ ಕೊಡುವುದು ಆಮ್ಲೋಡಿಪಿನ್, ಟೆಲ್ಮಿಸಾರ್ಟನ್. ಎರಡನೆಯದು ಆಂಜಿಯೋಟೆನ್ಸಿನ್ನಿನ ಕೆಲಸ ತಡೆಯುತ್ತದೆ, ಅದರ ಜೊತೆಗೆ ಕಿಡ್ನಿ ಪೊಟ್ಯಾಸಿಯಂ ಹೊರಹಾಕುವುದನ್ನೂ ಸ್ವಲ್ಪ ತಗ್ಗಿಸುತ್ತದೆ. ಕಿಡ್ನಿ ಗಟ್ಟಿಯಿದ್ದವರಿಗೆ ಇದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಕಿಡ್ನಿ ಸೋತವರ ವಿಷಯ ಬೇರೆ, ಅದರಲ್ಲೂ ಈ ಸೀಮೆಯಲ್ಲಿ. ಒಂದು ಎಳನೀರಿನಲ್ಲಿ ಅರ್ಧ ಗ್ರಾಂಗೂ ಹೆಚ್ಚು ಪೊಟ್ಯಾಸಿಯಂ ಇರುತ್ತದೆ. ಮನೆಯಂಗಳದ ಮರದಿಂದ ಕೆಡವಿ ದಿನಕ್ಕೆ ಎರಡು ಮೂರು ಕುಡಿದರೆ, ಹೊರಹೋಗಲಾರದ ಪೊಟ್ಯಾಸಿಯಂ ರಕ್ತದಲ್ಲಿ ಏರಿ ಹೃದಯದ ಬಡಿತವನ್ನೇ ಕೆಡಿಸಬಲ್ಲದು. ಉಷ್ಣಕ್ಕೆ, ಉರಿಮೂತ್ರಕ್ಕೆ, ಸುಸ್ತಿಗೆ ಎಳನೀರನ್ನೇ ಕೊಟ್ಟು ಬೆಳೆದ ಊರಿನಲ್ಲಿ ಕಿಡ್ನಿ ರೋಗಿಗೆ ಅದು ಬೇಡ ಎಂದರೆ ಮನೆಯವರು ನಂಬುವುದಿಲ್ಲ. ಟೆಲ್ಮಿಸಾರ್ಟನ್ ನುಂಗುವ ಹಿರಿಯರಿದ್ದರೆ ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್, ಪೊಟ್ಯಾಸಿಯಂ ಎರಡನ್ನೂ ರಕ್ತಪರೀಕ್ಷೆಯಲ್ಲಿ ನೋಡಿಸಬೇಕು, ಕಿಡ್ನಿ ತೊಂದರೆಯಿದೆ ಎಂದು ಗೊತ್ತಾದವರು ಎಳನೀರು ಎಷ್ಟು ಕುಡಿಯಬಹುದು, ಕುಡಿಯಲೇಬಾರದೋ ಎಂಬುದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಬೇಕು.